ನಮ್ಮ ಪಡಸಾಲೆಯ ನೆಲಕ್ಕೆ ಕೂತ ಬೆಂಚು

ಬೆಂಚು ಮುರಿಯಬಹುದಿತ್ತು. ಎಲ್ಲಕ್ಕಿಂತ ಮೊದಲು ಅದು. ಮೂರು ಜನ ಒಮ್ಮೆಲೇ ಕೂತ ಭಾರಕ್ಕೆ ಹಲಗೆ ಲಟಕ್ಕನೆ ಸೀಳಿ, ಗಂಡಿನ ಸೋದರಮಾವ ಉಪ್ಪಿಟ್ಟಿನ ತಾಟು ಕೈಯಲ್ಲಿ ಹಿಡಿದುಕೊಂಡೇ ನೆಲಕ್ಕಿಳಿಯಬಹುದಿತ್ತು. ಮುರಿಯದಿದ್ದರೆ ಕಿರ್ ಎನ್ನಬಹುದಿತ್ತು. ಹೆಣ್ಣು ನೋಡಲು ಬಂದವರು ಗಂಭೀರವಾಗಿ ಏನೋ ಕೇಳುತ್ತಿರುವಾಗ ಅವರ ಕೆಳಗಿನಿಂದ ಬರುವ ಅಂಥ ಸಪ್ಪಳ ಬೆಂಚಿನದೇ ಎಂದು ಸಾಬೀತು ಮಾಡುವುದು ಕಷ್ಟ. ಪಾಲಿಶ್ ಒಣಗದೆ ಗಂಡಿನ ಪ್ಯಾಂಟು ಅಂಟಿಕೊಳ್ಳಬಹುದಿತ್ತು. ಒಣಗಿದರೂ ಅದರ ವಾಸನೆಗೆ ಗಂಡಿನ ತಾಯಿಗೆ ತಲೆ ತಿರುಗಬಹುದಿತ್ತು. ಶಿರಹಟ್ಟಿ ಕಡೆಯ ಬಸ್ಸು ಬರದೇ ಇರಬಹುದಿತ್ತು. ಅಥವಾ ಬೇಗ ಬಂದು, ಅವರು ಬಾಗಿಲಲ್ಲಿ ನಿಂತಾಗ ನಾನು ಬನಿಯನ್ನಿನಲ್ಲಿರಬಹುದಿತ್ತು. ಉಪ್ಪಿಟ್ಟಿನಲ್ಲಿ ಕಟ್ಟಿಗೆಯ ಹೊಟ್ಟು ಸಿಗಬಹುದಿತ್ತು, ನಮ್ಮ ಮನೆಯಲ್ಲಿ ಅದೇನು ಹೊಸದಲ್ಲ. ಅವ್ವ ಅಳಬಹುದಿತ್ತು. ನಾನು ಹೆಚ್ಚು ಮಾತಾಡಬಹುದಿತ್ತು. ಎಲ್ಲ ಸರಿಹೋಗಿ, ಕೊನೆಗೆ ಅವರು ತಂಗಿಯ ಕೈ ನೋಡಬಹುದಿತ್ತು.

ಈ ಪಟ್ಟಿಯನ್ನು ನಾನು ಬರೆದಿಟ್ಟಿರಲಿಲ್ಲ. ಬರೆದರೆ ನಿಜವಾದೀತು ಎಂಬ ಅಂಜಿಕೆ. ಹಲಗೆಗೆ ರಂದಾ ಹೊಡೆಯುವಾಗ, ಸುರುಳಿ ಸುರುಳಿಯಾಗಿ ಸಿಪ್ಪೆ ಎದ್ದು ಬೀಳುವ ಲಯಕ್ಕೆ, ಒಂದೊಂದಾಗಿ ಬಾಯಿಪಾಠ ಮಾಡಿಕೊಂಡಿದ್ದೆ. ಇಷ್ಟು ವರ್ಷದ ಮೇಲೂ ತಪ್ಪದೆ ಒಪ್ಪಿಸಬಲ್ಲೆ. ಮಗ್ಗಿ ಮಾತ್ರ ಹದಿಮೂರರಾಚೆ ಬರುವುದಿಲ್ಲ.

ತಂಗಿಯನ್ನು ನೋಡಲು ಜನ ಬರುತ್ತಿದ್ದದ್ದು ಅದು ಏಳನೆಯ ಸಲ.

ನಮ್ಮದು ಬೆಟಗೇರಿಯಲ್ಲಿ, ಮನೆಗೆ ಅಂಟಿಕೊಂಡಂತೆ ಒಂದು ತಗಡಿನ ಶೆಡ್ಡು. ಸುತ್ತ ಮಗ್ಗದ ಮನೆಗಳು. ದಿನವೆಲ್ಲ ಅವುಗಳ ಖಟಪಟ. ಅದು ನಿಂತಾಗಲೇ ನಮಗೆ ಏನೋ ಸಪ್ಪಳವಾದಂತೆ ಎಚ್ಚರವಾಗುತ್ತಿತ್ತು. ಅಪ್ಪ ಹೋದಮೇಲೆ ಶೆಡ್ಡು ನನ್ನ ಪಾಲಿಗೆ ಬಂತು, ಶೆಡ್ಡಿನ ಜೊತೆ ಅವ್ವ, ತಂಗಿ ಮತ್ತು ಅಪ್ಪನ ಚಿಂತೆಗಳು. ಅಪ್ಪ ಚಿಂತೆ ಮಾಡುವುದನ್ನು ನಾನು ಯಾವತ್ತೂ ನೋಡಿರಲಿಲ್ಲ, ಆದ್ದರಿಂದ ಅವೆಲ್ಲ ಬಳಸದೇ ಹಾಗೇ ಉಳಿದಿದ್ದವೆಂದು ಕಾಣುತ್ತದೆ.

ಗದಗ ಆಗಷ್ಟೇ ಜಿಲ್ಲೆಯಾಗಿತ್ತು. ಹೊಸ ಜಿಲ್ಲೆಗೆ ಏನೇನು ಬರುತ್ತದೆ ಎಂದು ಚಹಾದಂಗಡಿಗಳಲ್ಲಿ ಜನ ಲೆಕ್ಕ ಹಾಕುತ್ತಿದ್ದರು. ನಾನು ಕಂಡಂತೆ ಹೊಸ ಜಿಲ್ಲೆಗೆ ಮೊದಲು ಬೇಕಾದದ್ದು ಕಾಯುವ ಜಾಗ. ಬಾಡಿಗೆ ಮನೆಗಳಲ್ಲಿ ಕಚೇರಿಗಳು ಬಾಗಿಲು ತೆರೆಯುತ್ತಿದ್ದವು. ಸಾಹೇಬರ ಕುರ್ಚಿ ಧಾರವಾಡದಿಂದ ಬರುತ್ತಿತ್ತು. ಹೊರಗೆ ಕಾಯುವವರ ಬೆಂಚು ನಮ್ಮಂಥವರ ಶೆಡ್ಡಿನಿಂದ ಹೋಗುತ್ತಿತ್ತು. ಮುಂಡರಗಿಯಿಂದ ಬಂದವರು, ಲಕ್ಷ್ಮೇಶ್ವರದಿಂದ ಬಂದವರು, ಮೊದಲು ಧಾರವಾಡದಲ್ಲಿ ಕಾಯುತ್ತಿದ್ದವರೆಲ್ಲ ಈಗ ಇಲ್ಲೇ ಹತ್ತಿರದಲ್ಲಿ ಕಾಯಬಹುದಾಗಿತ್ತು.

ಕಚೇರಿ ಬೆಂಚಿಗೆ ಒಂದು ಲೆಕ್ಕವಿದೆ. ಹದಿನೆಂಟು ಇಂಚು ಎತ್ತರ, ನೆಟ್ಟಗಿನ ಬೆನ್ನು. ನಾನು ಒಮ್ಮೆ ಉತ್ಸಾಹದಲ್ಲಿ ಬೆನ್ನಿನ ಹಲಗೆಯನ್ನು ತುಸು ಹಿಂದಕ್ಕೆ ವಾಲಿಸಿ ಒಯ್ದಾಗ ಅಲ್ಲಿನ ಹಿರಿಯ ಗುಮಾಸ್ತರು ಕೂತು ನೋಡಿ, ಎದ್ದು, ಮತ್ತೆ ಕೂತು, ತಲೆ ಅಲ್ಲಾಡಿಸಿದ್ದರು.

"ಭಾಳ ಆರಾಮ ಮಾಡೀರಿ ಮಿಸ್ತ್ರಿ. ಹಿಂಗ ಮಾಡಿದ್ರ ಮಂದಿ ಮನಿಗೆ ಹೋಗೂದ ಬಿಡ್ತಾರ."

ಅವರ ಮಾತು ಸುಳ್ಳಲ್ಲ. ಬೆಂಚು ಮೊಣಕಾಲಿಗಿಂತ ಒಂದಿಷ್ಟು ಎತ್ತರವಾದರೆ ಹಲಗೆಯ ಅಂಚು ತೊಡೆಯ ಕೆಳಗೆ ಒತ್ತಿ ಕಾಲು ಜೋಮು ಹಿಡಿಯುತ್ತದೆ. ಅರ್ಧ ತಾಸಿಗೆ ಮನುಷ್ಯ ತಾನೇ ಎದ್ದು ನಿಲ್ಲುತ್ತಾನೆ. ಅಲ್ಲಿಂದ ಮುಂದೆ ಒಂದು ವರ್ಷ ನಾನು ಜನರ ಕಾಲಿಗೆ ಜೋಮು ಹಿಡಿಸುವ ಬೆಂಚುಗಳನ್ನೇ ಮಾಡಿದೆ.

ಕೆಲಸ ಹೆಚ್ಚಾಯಿತು, ಕೈ ಸಾಲಲಿಲ್ಲ. ಕೊಯ್ಯುವುದು, ಕೊರೆಯುವುದು, ಜೋಡಿಸುವುದು ನನ್ನದು. ಉಸುಕಿನ ಕಾಗದದಿಂದ ಉಜ್ಜುವುದು, ಸ್ಪಿರಿಟ್ಟಿನಲ್ಲಿ ಅರಗು ಕರಗಿಸಿ ಪಾಲಿಶ್ ಎಳೆಯುವುದು ತಂಗಿಯದು. "ಈ ಹತ್ತು ಬೆಂಚು ಮುಗೀಲಿ, ಆಮ್ಯಾಲೆ ಬಿಟ್ಟುಬಿಡು" ಎಂದು ನಾನು ಹೇಳಿದ್ದು ನೆನಪಿದೆ. ಯಾವ ಹತ್ತು ಎಂಬುದು ಮಾತ್ರ ನೆನಪಿಲ್ಲ. ಅವಳ ಅಂಗೈ ಗಟ್ಟಿಯಾಯಿತು. ಉಗುರಿನ ಸಂದಿನಲ್ಲಿ ಅರಗಿನ ಕಂದು ಕೂತಿತು. ನಿಂಬೆಹಣ್ಣು, ಕೊಬ್ಬರಿ ಎಣ್ಣೆ, ಸೀಗೆಪುಡಿ ಯಾವುದಕ್ಕೂ ಅದು ಜಗ್ಗಲಿಲ್ಲ.

ಹೆಣ್ಣು ನೋಡಲು ಬಂದವರಲ್ಲಿ ಗಂಡಸರು ಮುಖ ನೋಡುತ್ತಿದ್ದರು, ಹೆಂಗಸರು ಕೈ. ಲಕ್ಷ್ಮೇಶ್ವರದಿಂದ ಬಂದ ಒಬ್ಬ ಅತ್ತೆಯಂತೂ ಸಂತೆಯಲ್ಲಿ ಬದನೆಕಾಯಿ ತಿರುವಿ ನೋಡುವಂತೆ ತಂಗಿಯ ಕೈಯನ್ನು ತಿರುವಿ, ಹಾಗೇ ಅವಳ ಮಡಿಲಲ್ಲಿ ಇಟ್ಟುಬಿಟ್ಟಳು. ಹೊಸ್ತಿಲು ದಾಟುವಾಗ ಜೊತೆಯವಳಿಗೆ ಹೇಳಿದ್ದು ನಮಗೂ ಕೇಳಿಸಿತು.

"ಹುಡುಗಿ ಚೊಲೋ ಅದಾಳ ಖರೆ. ಕೈ ನೋಡಿದ್ರ ಗ್ವಾಡಿ ಕಟ್ಟೂ ಗೌಂಡಿ ಕೈ ಇದ್ದಾಂಗ ಅದಾವ."

ಮೊದಲ ಮೂರು ಸಲ ಅವ್ವ ಅತ್ತಳು. ನಾಲ್ಕನೆಯ ಸಲ ನಾನು ಊಟ ಬಿಟ್ಟೆ. ಐದನೆಯ ಸಲಕ್ಕೆ ಏನೂ ಆಗಲಿಲ್ಲ. ಆರನೆಯವರು ಹೋದಮೇಲೆ ಉಳಿದ ಉಪ್ಪಿಟ್ಟನ್ನು ಮೂವರೂ ಕೂತು ತಿಂದು, ಅದರಲ್ಲಿ ಉಪ್ಪು ಹೆಚ್ಚಾಗಿತ್ತೋ ಕಡಿಮೆಯಾಗಿತ್ತೋ ಎಂದು ಚರ್ಚೆ ಮಾಡಿದೆವು. ತಂಗಿ ಯಾವ ಸೀರೆ ಉಡಲಿ ಎಂದು ಕೇಳುವುದನ್ನು ಬಿಟ್ಟಿದ್ದಳು. ಅದೇ ನೀಲಿ ಸೀರೆ, ಉಟ್ಟು ಮಡಚಿ, ಮಡಚಿ ಉಟ್ಟು. ಕಚೇರಿಯ ಬೆಂಚಿನಲ್ಲಿ ಬಹಳ ಹೊತ್ತು ಕೂತ ಕಾಲಿನಂತೆ ಇಡೀ ಮನೆಗೆ ಜೋಮು ಹಿಡಿದಿತ್ತು. ಕಾಲು ನಮ್ಮದೇ, ಚಿವುಟಿದರೆ ತಿಳಿಯುವುದಿಲ್ಲ, ಅಷ್ಟೇ.

ಅವಳ ಕೈ ಹಾಗಾದದ್ದು ನನ್ನಿಂದ. ಇದನ್ನು ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಹೇಳಿದ್ದರೆ ಏನಾದರೂ ಉತ್ತರ ಕೊಡಬಹುದಿತ್ತು.

ಏಳನೆಯ ಸಂಬಂಧ ತಂದವರು ನನಗೆ ಕಟ್ಟಿಗೆ ಕೊಡುತ್ತಿದ್ದ ಸಾಮಿಲ್ಲಿನ ಚಾಚಾ. ಊರೂರಿನ ಜನ ಬಾಗಿಲು, ಗಳೆ, ಕುಂಟೆಗೆಂದು ಅವರಲ್ಲಿ ಕಟ್ಟಿಗೆಗೆ ಬರುತ್ತಿದ್ದರು. ಯಾವ ಮನೆಯ ತೊಲೆ ಎಷ್ಟು ಉದ್ದ, ಯಾವ ಮನೆಯಲ್ಲಿ ಮದುವೆಗೆ ಬಂದ ಮಕ್ಕಳೆಷ್ಟು, ಎರಡೂ ಅವರಿಗೆ ಗೊತ್ತಿರುತ್ತಿತ್ತು.

"ಶಿರಹಟ್ಟಿ ಕಡೆ ಮಾಗಡ್ಯಾಗ ಒಂದು ಮನಿ ಐತಿ ಬೇಟಾ. ಹುಡುಗಂದು ಹಿಟ್ಟಿನ ಗಿರಣಿ. ತಂದಿ ಇಲ್ಲ, ಮನ್ಯಾಗ ಇರೂ ಸ್ವಾದರಮಾವನ ಎಲ್ಲಾ. ಅವ ಹೂಂ ಅಂದ್ರ ಹೂಂ, ಊಹೂಂ ಅಂದ್ರ ಮುಗೀತು. ಅವ್ನ ಎದುರಿಗೆ ಅಕ್ಕ ಸೈತ ಬಾಯಿ ತಗಿಯಂಗಿಲ್ಲ."

"ಭಾಳ ಸಿಟ್ಟೇನ್ರಿ?"

"ಸಿಟ್ಟಲ್ಲ. ಪ್ರಶ್ನಿ ಭಾಳ. ನನ್ನ ಕಡೆ ಒಂದು ಕುಂಟಿ ತಗೊಳ್ಳಾಕ ಬಂದು ಎರಡು ತಾಸು ಕೇಳ್ಯಾನ. ಗಿಡ ಯಾವೂರ್ದು ಅಂತಾನ ಕೇಳಿದ."

ಅಂದಿನಿಂದ ನನಗೆ ಆ ಮಾವನದೇ ಯೋಚನೆ. ಹಿಂದಿನ ಆರೂ ಸಲ ಬಂದವರು ಕೂತದ್ದು ಎಲ್ಲಿ ಎಂದು ನೆನಪು ಮಾಡಿಕೊಂಡೆ. ನಮ್ಮ ಮನೆಯಲ್ಲಿ ಬೆಂಚಿರಲಿಲ್ಲ. ಮಾಡಿದ್ದೆಲ್ಲ ಮಾರಾಟಕ್ಕೆ ಹೋಗುತ್ತಿತ್ತು. ಬಂದವರಿಗೆ ಕಚೇರಿಗೆ ಹೋಗಬೇಕಾದ ಬೆಂಚುಗಳಲ್ಲೇ ಒಂದನ್ನು ಶೆಡ್ಡಿನಿಂದ ತಂದು ಪಡಸಾಲೆಯಲ್ಲಿ ಹಾಕುತ್ತಿದ್ದೆವು. ಹದಿನೆಂಟು ಇಂಚು, ನೆಟ್ಟಗಿನ ಬೆನ್ನು. ಆರು ಸಲವೂ ನಾನೇ ಅವರ ಕಾಲಿಗೆ ಜೋಮು ಹಿಡಿಸಿದ್ದೆ. ಎತ್ತರದಲ್ಲಿ ನೆಟ್ಟಗೆ ಕೂತು, ನೆಲದ ಚಾಪೆಯ ಮೇಲಿದ್ದ ತಂಗಿಯನ್ನು ಕೆಳಗೆ ನೋಡಿ, ಅರ್ಧ ತಾಸಿಗೆ ಎದ್ದು ಹೋಗಿದ್ದರು. ಗುಮಾಸ್ತರು ಹೇಳಿದಂತೆಯೇ.

ಹೀಗೆ ಹೊಳೆದದ್ದನ್ನು ನಾನು ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಅವ್ವ ತಲೆಗೆ ಎಣ್ಣೆ ಹಚ್ಚಿ ಮಲಗಿಸುತ್ತಿದ್ದಳು. ಆದರೆ ನಾನು ಒಂದು ಬೆಂಚನ್ನು, ಒಬ್ಬ ಪ್ರಶ್ನೆ ಕೇಳುವ ಮನುಷ್ಯನನ್ನು ಮೆತ್ತಗೆ ಮಾಡುವ ಬೆಂಚನ್ನು, ಮಾಡುವುದೆಂದು ನಿಶ್ಚಯಿಸಿದೆ.

ಮೊದಲು ಎತ್ತರ. ನಮ್ಮಲ್ಲಿ ಅಳತೆ ತೆಗೆಯುವ ಪದ್ಧತಿ ಅಪ್ಪನ ಕಾಲದ್ದು. ಇಟ್ಟಿಗೆಗಳ ಮೇಲೆ ಒಂದು ಹಲಗೆ ಇಟ್ಟು ಗಿರಾಕಿಯನ್ನು ಕೂರಿಸುವುದು, ಪಾದ ನೆಲಕ್ಕೆ ಆರಾಮವಾಗಿ ಊರುವ ತನಕ ತೆಳ್ಳಗಿನ ಪಟ್ಟಿಗಳನ್ನು ಸೇರಿಸುವುದು, ತೆಗೆಯುವುದು. ಮಾಗಡಿಯ ಮಾವನನ್ನು ಮೊದಲೇ ಕರೆಸಿ ಕೂರಿಸುವಂತಿರಲಿಲ್ಲ. ತಂಗಿಯನ್ನು ಕೂರಿಸಿದೆ.

"ನಾ ಯಾಕ? ನಾ ಚಾಪಿ ಮ್ಯಾಲ ಕುಂಡ್ರಾಕಿ" ಎಂದಳು.

"ಸುಮ್ಮ ಕುಂಡ್ರ."

ಅವಳು ಕೂತಳು. ನಾನು ಪಟ್ಟಿ ತೆಗೆದೆ, ಹಾಕಿದೆ. ಅವಳು ಬಾಗಿಲಾಚೆ ನೋಡುತ್ತಿದ್ದಳು.

"ಅಣ್ಣಾ, ಇದನ್ನ ಮಾರಬ್ಯಾಡ. ಅವರು ಹ್ವಾದಮ್ಯಾಲೆ ಮನ್ಯಾಗ ಇರ್ಲಿ."

ಅವರು ಹೋಗುವುದರ ಬಗ್ಗೆ ಅವಳಿಗೆ ಅನುಮಾನವೇ ಇರಲಿಲ್ಲ. ನಾಳೆ ಗುರುವಾರ ಎಂದಂತೆ ಹೇಳಿದಳು. ನಾನು ಹದಿನಾರು ಇಂಚಿಗೆ ಗೆರೆ ಹಾಕಿದೆ.

ಕಾಲಿಗೆ ಜಾಲಿ, ಕೂಡುವ ಹಲಗೆಗೆ ಸಾಗವಾನಿ. ಚಾಚಾ ಯಾವುದೋ ಹಳೆಯ ವಾಡೆಯ ಬಾಗಿಲಿನದು ಎಂದು ಕೊಟ್ಟದ್ದು, ನೂರು ವರ್ಷ ಒಣಗಿದ ಕಟ್ಟಿಗೆ. ಒಂದೂ ಮೊಳೆ ಹೊಡೆಯಲಿಲ್ಲ. ಗೂಡು ಕೊರೆದು, ನಾಲಿಗೆ ಕೆತ್ತಿ, ಒಂದರೊಳಗೊಂದು ಕೂರಿಸಿ ಬಿದಿರಿನ ಬೆಣೆ ಹೊಡೆದೆ. ಬೆನ್ನಿಗೆ ಮೂರು ಅಡ್ಡಪಟ್ಟಿ, ನಡುವಿನದು ಸೊಂಟಕ್ಕೆ ತಾಗುವಂತೆ ಒಂದಿಷ್ಟು ಮುಂದೆ. ಬೆನ್ನನ್ನು ಎಷ್ಟು ವಾಲಿಸಬೇಕೆಂಬುದಕ್ಕೆ ಎರಡು ದಿನ ಹಿಡಿಯಿತು. ಕಡಿಮೆ ವಾಲಿಸಿದರೆ ಗತ್ತು ಉಳಿಯುತ್ತದೆ. ಹೆಚ್ಚಾದರೆ ಮನುಷ್ಯ ಮಾಳಿಗೆಯ ಜಂತಿ ಎಣಿಸುತ್ತಾನೆ. ಕೂತವನು ಹಿಂದಕ್ಕೆ ಒರಗಿ, ಒಂದು ಉಸಿರು ಬಿಟ್ಟು, ಕೇಳಬೇಕಾದ ಹತ್ತು ಪ್ರಶ್ನೆಯಲ್ಲಿ ನಾಲ್ಕನ್ನು ಮರೆಯಬೇಕು. ಅಷ್ಟು ಸಾಕಾಗಿತ್ತು ನನಗೆ.

ಉಜ್ಜುವ ಕೆಲಸ ನಾನೇ ಮಾಡುತ್ತೇನೆ ಎಂದೆ. ಕಾಗದ ಕಸಿದುಕೊಂಡಳು.

"ಇನ್ನೇನು ಹೊಸದಾಗಿ ಕೆಡೂದೈತಿ, ಕೊಡು ಇಲ್ಲೆ."

ಮೂರು ದಿನ ಉಜ್ಜಿದಳು. ಹಲಗೆಯ ಮೇಲ್ಮೈ, ಅಂಚು, ಆಮೇಲೆ ಬೆಂಚನ್ನು ಮಗುಚಿ ತಳವನ್ನೂ. ತಳವನ್ನು ಯಾರೂ ಉಜ್ಜುವುದಿಲ್ಲ. ನಾನು ಎಷ್ಟೋ ಸಲ ಬೈದಿದ್ದೆ, ಕಾಗದ ಹಾಳು ಅಂತ. ಅವಳ ಉತ್ತರ ಪ್ರತಿಸಲ ಒಂದೇ: "ನೀ ಸೀರಿ ಉಟ್ಟು ಕುಂತೀ ಏನು?"

ಹಿಂದಿನ ದಿನ ಮಧ್ಯಾಹ್ನ ಬೆಂಚನ್ನು ಪಡಸಾಲೆಗೆ ಒಯ್ದು ಕಿಟಕಿಯ ಕೆಳಗೆ ಇಟ್ಟೆ. ಕೂತೆ. ಕಟಕ್ ಎಂದಿತು.

ನನ್ನ ಪಟ್ಟಿಯಲ್ಲಿ ಇದು ಇರಲೇ ಇಲ್ಲ. ಶೆಡ್ಡಿನ ಸಿಮೆಂಟು ನೆಲದ ಮೇಲೆ ಹೂತಿಟ್ಟಂತೆ ನಿಂತ ಬೆಂಚು ಇಲ್ಲಿ ಅಲುಗಾಡುತ್ತಿತ್ತು. ಬಗ್ಗಿ ನೋಡಿದರೆ ನೆಲದ್ದೇ ತಪ್ಪು. ನಮ್ಮ ಪಡಸಾಲೆಗೆ ಹಾಸಿದ್ದು ಹಳೆಯ ಕಲ್ಲಿನ ಚಪ್ಪಡಿ. ಕಿಟಕಿಯ ಬದಿಯ ಒಂದು ಚಪ್ಪಡಿ, ಕಚೇರಿಯ ಗಿಡ್ಡ ಬೆಂಚುಗಳು ಮುಟ್ಟದೇ ಇದ್ದದ್ದು, ಕುಸಿದು, ಹಿಂದಿನ ಒಂದು ಕಾಲು ನೆಲಕ್ಕೆ ಮುಟ್ಟದೆ ತೊಗರಿಬೇಳೆಯಷ್ಟು ಮೇಲೆ ನಿಂತಿತ್ತು. ಬೇರೆ ಕಡೆ ಇಡೋಣವೆಂದರೆ ಪಡಸಾಲೆಯಲ್ಲಿ ಇಷ್ಟುದ್ದದ ಬೆಂಚಿಗೆ ಬೇರೆ ಜಾಗವಿಲ್ಲ. ಒಂದು ಕಡೆ ಒಳಬಾಗಿಲು, ಇನ್ನೊಂದು ಕಡೆ ಧಾನ್ಯದ ಕಣಜ.

ಇಂಥ ಹೊತ್ತಿಗೆ ಅಪ್ಪನದೊಂದು ಕಟ್ಟಪ್ಪಣೆಯಿತ್ತು. ನೆಲ ಸರಿಯಿಲ್ಲದಿದ್ದರೆ ಕಾಲಿನ ಕೆಳಗೆ ಚಕ್ಕೆ ಇಡು, ಕಾಗದ ಇಡು, ನೆಲವನ್ನು ನೋಡಿ ಕಾಲು ಕೊಯ್ಯಬೇಡ. ಬೆಂಚು ಹುಟ್ಟಿದ ನೆಲದಲ್ಲೇ ಇರುವುದಿಲ್ಲ. ಕಲಿಯುವ ಹುಡುಗರಿಗೆ ಅವರು ಮೊದಲ ವಾರವೇ ಇದನ್ನು ಹೇಳುತ್ತಿದ್ದರು. ನನಗೆ ಮೂರು ಸಲ ಹೇಳಿದ್ದರು.

ನಾನು ಕಾಗದ ಮಡಚಿ ಇಟ್ಟು ನೋಡಿದೆ. ಬಿಳಿ ಅಂಚು ಹಲ್ಲಿನಂತೆ ಕಾಣುತ್ತಿತ್ತು. ಆ ಮಾವ ಬಗ್ಗಿ ನೋಡುವುದು ಕಣ್ಣಿಗೆ ಕಟ್ಟಿತು. ಇದೇನ್ರಿ, ಮಿಸ್ತ್ರಿ ಮನಿ ಬೆಂಚಿಗೆ ಕಾಗದ ಇಟ್ಟೀರಿ? ಅಲ್ಲಿಂದ ಪ್ರಶ್ನೆಗಳು ಶುರುವಾಗಿ ಗಿಡ ಯಾವೂರದು ಎಂಬಲ್ಲಿಗೆ ಹೋಗಿ, ಕೊನೆಗೆ ಉಜ್ಜಿದವರು ಯಾರು ಎಂಬಲ್ಲಿಗೆ ಬಂದು ನಿಲ್ಲುತ್ತವೆ.

ಗರಗಸ ತಂದೆ. ಮೂರು ಕಾಲುಗಳನ್ನು ತೊಗರಿಬೇಳೆಯಷ್ಟು ಕೊಯ್ದೆ, ನಾಲ್ಕನೆಯದನ್ನು ಹಾಗೇ ಬಿಟ್ಟೆ. ಮತ್ತೆ ಇಟ್ಟೆ. ಕುಸಿದ ಚಪ್ಪಡಿಯ ಮೇಲೆ ಉದ್ದನೆಯ ಕಾಲು ಸರಿಯಾಗಿ ಕೂತಿತು. ತುಂಬಿದ ಚೊಂಬು ಇಟ್ಟು ಹಲಗೆ ತಟ್ಟಿದೆ, ಒಂದು ಹನಿ ಹೊರಬರಲಿಲ್ಲ. ಕಸ ಹೊಡೆಯುವಾಗ ಯಾರಾದರೂ ಸರಿಸಿಯಾರೆಂದು ನಾಲ್ಕೂ ಕಾಲಿನ ಸುತ್ತ ಸುಣ್ಣದ ಕಡ್ಡಿಯಿಂದ ಗೆರೆ ಎಳೆದೆ.

ಅವ್ವ ನೋಡಿ, "ಲೇ, ಪೊಲೀಸರು ಬಂದು ಹ್ವಾದಂಗ ಕಾಣ್ತೈತಿ" ಎಂದು ಒದ್ದೆ ಬಟ್ಟೆಯಿಂದ ಒರೆಸಿದಳು. ತಂಗಿ ನಕ್ಕಳು. ಆ ತಿಂಗಳಲ್ಲಿ ಅವಳು ನಕ್ಕದ್ದು ಅದೊಂದೇ ಇರಬೇಕು.

ಮರುದಿನ, ಸಂಕ್ರಾಂತಿ ಮುಗಿದ ವಾರ, ಹನ್ನೊಂದರ ಬಸ್ಸಿಗೆ ಅವರು ಬಂದರು. ನಾನು ಬನಿಯನ್ನಿನಲ್ಲಿರಲಿಲ್ಲ. ಗಂಡಿನ ಸೋದರಮಾವ, ಗಂಡಿನ ತಾಯಿ, ಗಂಡು, ಜೊತೆಗೆ ಚಾಚಾ. ಮಾವ ದಪ್ಪ ಮೀಸೆಯ, ಗಟ್ಟಿ ಮೈಯ ಮನುಷ್ಯ, ಕಣ್ಣು ಮಾತ್ರ ಕೆಂಪಗೆ. ಕಾಲು ತೊಳೆದು ಒಳಗೆ ಬಂದವರೇ ಮೊದಲ ಪ್ರಶ್ನೆ ಕೇಳಿದರು.

"ಈ ತೊಲಿ ಯಾವ ಗಿಡದ್ದು?"

"ಮತ್ತಿ ಇರಬೇಕ್ರಿ" ಎಂದೆ. ಇರಬೇಕು ಎಂದದ್ದು ತಪ್ಪಾಯಿತೇನೋ ಎನ್ನಿಸಿತು.

"ಹೂಂ" ಎಂದು ಬೆಂಚಿನ ತುದಿಯಲ್ಲಿ ಕೂತರು. ಮುರಿಯಲಿಲ್ಲ. ಕಿರ್ ಎನ್ನಲಿಲ್ಲ. ಉಳಿದವರೂ ಕೂತರು. ಅವ್ವ ಉಪ್ಪಿಟ್ಟು ತಂದಳು. ಮಾವ ತಿನ್ನುತ್ತ, ಕೆರೆಗೆ ಈ ಸಲ ಹಕ್ಕಿ ಬಹಳ ಬಂದಿವೆ ಎಂದರು. ನಸುಕಿಗೆ ಹಿಂಡು ಹಿಂಡಾಗಿ ಕೆರೆಯಿಂದೆದ್ದು ಕಡಲೆ ಹೊಲಕ್ಕೆ ಇಳಿಯುತ್ತವಂತೆ. ನೋಡಲು ಪೇಟೆ ಮಂದಿ ಕಾರು ಮಾಡಿಕೊಂಡು ಬರುತ್ತಾರಂತೆ.

"ನೋಡಾಕ ಬರಾವ್ರು ಒಂದೀಟ ಓಡ್ಸಾಕೂ ಬಂದ್ರ ಚೊಲೋ ಆಗ್ತಿತ್ತು ನೋಡ್ರಿ. ಹದಿನೈದು ದಿನಾ ಆತು, ನಸುಕಿನ್ಯಾಗ ಎದ್ದು ಡಬ್ಬಿ ಬಡದ ಬಡ್ಯಾಕತ್ತೀನಿ."

ತಾಟು ಕೆಳಗಿಟ್ಟರು. ಹಿಂದಕ್ಕೆ ಒರಗಿದರು. ಸೊಂಟಕ್ಕೆ ಆ ಪಟ್ಟಿ ತಾಗಿತು. ಒಂದು ಉಸಿರು ಬಿಟ್ಟರು. ನಾನು ಎಣಿಸಿದಂತೆಯೇ ಆಗುತ್ತಿತ್ತು. ತಂಗಿ ಚಹಾ ತಂದು ಕೊಟ್ಟು, ಚಾಪೆಯ ಮೇಲೆ ಕೂತು, ಕೈಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ಮಾವ ಚಹಾ ಕುಡಿದು, ಬಸಿಯನ್ನು ಪಕ್ಕಕ್ಕಿಟ್ಟು, ಪ್ರಶ್ನೆ ಕೇಳುವವರಂತೆ ಗಂಟಲು ಸರಿಮಾಡಿಕೊಂಡು, ಕಣ್ಣು ಮುಚ್ಚಿದರು.

ಯೋಚಿಸುತ್ತಿದ್ದಾರೆ ಎಂದುಕೊಂಡೆವು. ಸ್ವಲ್ಪ ಹೊತ್ತಿಗೆ ಗೊರಕೆ ಕೇಳಿಸಿತು.

ನಾಲ್ಕು ಪ್ರಶ್ನೆ ಮರೆಸಬೇಕೆಂದು ಮಾಡಿದ ಬೆಂಚು ಹತ್ತನ್ನೂ ಮರೆಸಿತ್ತು. ಗಂಡಿನ ತಾಯಿ ತಮ್ಮನ ಮುಖ ನೋಡಿದಳು, ಮುಟ್ಟಿ ಎಬ್ಬಿಸಲು ಹೋಗಲಿಲ್ಲ. ಚಾಚಾ ಮಾಳಿಗೆ ನೋಡುತ್ತ ಕೂತರು. ಮಾತಾಡಬೇಕಾದವರು ಮಲಗಿದ್ದರು, ಅವರಿಗಿಂತ ಮೊದಲು ಮಾತಾಡುವವರು ಯಾರೂ ಇರಲಿಲ್ಲ. ಹೊರಗೆ ಮಗ್ಗ, ಒಳಗೆ ಗೊರಕೆ. ನನಗೆ ಗಾಬರಿಯಾಗಬೇಕಿತ್ತು. ಆಗಲಿಲ್ಲ. ಜೋಮು ಹಿಡಿದ ಕಾಲನ್ನು ಬೇರೆಯವರದೆಂಬಂತೆ ನೋಡುತ್ತೇವಲ್ಲ, ಹಾಗೆ ನೋಡುತ್ತ ನಿಂತಿದ್ದೆ.

ಗಂಡು ಅಲ್ಲಿಯತನಕ ಮಾತಾಡಿರಲಿಲ್ಲ. ಏನು ಮಾಡಬೇಕೆಂದು ತಿಳಿಯದ ಅವನ ಕೈ ಬೆಂಚಿನ ಅಂಚಿನಲ್ಲಿ ಆಡುತ್ತಿತ್ತು. ಅಂಚಿನಿಂದ ತಳಕ್ಕೆ ಹೋಯಿತು. ಅಲ್ಲೇ ನಿಂತು, ಹಿಂದೆ ಮುಂದೆ ಸವರಿತು.

"ತಳದಾಗೂ ಉಜ್ಜೀರಲ್ರಿ" ಎಂದ ನನಗೆ, ಮಾವ ಏಳದಂತೆ ಮೆಲ್ಲಗೆ.

ನಾನು ಬಾಯಿ ತೆಗೆಯುವಷ್ಟರಲ್ಲಿ ತಂಗಿ ಅಂದಳು: "ಹಂಗ ಬಿಟ್ರ ಸೀರಿ ಸಿಗತೈತ್ರಿ."

"ಯಾರು, ನೀವು ಉಜ್ಜಿದ್ದಾ?"

ಅವಳು ಸೆರಗಿನಿಂದ ಒಂದು ಕೈ ಹೊರಗೆ ತೆಗೆದು ಮೊಣಕಾಲ ಮೇಲೆ ಇಟ್ಟಳು, ಅಂಗೈ ಮೇಲಾಗಿ. ಅಡುಗೆಮನೆಯ ಬಾಗಿಲಲ್ಲಿ ಅವ್ವ ಕಣ್ಣು ಮುಚ್ಚಿದ್ದು ನನಗೆ ಕಂಡಿತು. ಗಂಡಿನ ತಾಯಿ ಬಗ್ಗಿ ಆ ಕೈ ನೋಡಿದಳು. ಗಂಡೂ ನೋಡಿದ.

"ಗಿರಣ್ಯಾಗ ಕಲ್ಲು ಕುಟ್ಟಿ ಕುಟ್ಟಿ ನನ್ನವೂ ಹಿಂಗ ಅದಾವ್ರಿ" ಎಂದ. ಬೀಸುವ ಕಲ್ಲು ಸವೆದಾಗ ಉಳಿಯಿಂದ ಮತ್ತೆ ಒರಟು ಮಾಡಬೇಕಂತೆ. "ನಿಮ್ದು ನುಣ್ಣಗ ಮಾಡೂದು, ನಮ್ದು ಖರಾಬ ಮಾಡೂದು, ಅಷ್ಟ."

ಅದು ತಮಾಷೆಯೋ ಅಲ್ಲವೋ ನಮಗೆ ತಿಳಿಯಲಿಲ್ಲ. ಅಷ್ಟರಲ್ಲಿ ಓಣಿಯಲ್ಲಿ ಯಾರೋ ಕೊಡ ಎತ್ತಿಹಾಕಿದ ಸಪ್ಪಳಕ್ಕೆ ಮಾವ ದಡಕ್ಕನೆ ಎಚ್ಚರಾದರು. ಬಾಯಿ ಒರೆಸಿಕೊಂಡು ಸುತ್ತ ನೋಡಿದರು. ಎಲ್ಲರೂ ಸುಮ್ಮನೆ ಕೂತಿದ್ದೇವೆ, ಹುಡುಗಿ ಕೈ ತೋರಿಸುತ್ತಿದ್ದಾಳೆ, ಅಕ್ಕ ನೋಡುತ್ತಿದ್ದಾಳೆ. ತಾನು ಮಲಗಿದ್ದೆ ಎಂದು ಒಪ್ಪುವ ಮನುಷ್ಯನಲ್ಲ ಅವರು. ಕೇಳಬೇಕಾದದ್ದನ್ನು ಕೇಳಿದೆನೋ ಇಲ್ಲವೋ ಎಂಬುದು ಅವರಿಗೇ ಗೊತ್ತಿದ್ದಂತೆ ಕಾಣಲಿಲ್ಲ. ಮೀಸೆ ತಿರುವಿ, ಎಲ್ಲ ಮುಗಿಸಿದವರಂತೆ ತೊಡೆ ತಟ್ಟಿದರು.

"ಆತಲ್ಲ ಹಂಗಾರ. ಎಲ್ಲಾ ಕೇಳಿದಂಗಾತು, ಹೇಳಿದಂಗಾತು. ಏನಬೇ ಯಕ್ಕಾ?"

ಅಕ್ಕ ಮಗನ ಮುಖ ನೋಡಿದಳು. ಏನೂ ಕೇಳಿಲ್ಲ ಎನ್ನಬೇಕೆಂದರೆ ನೀ ಮಲಗಿದ್ದಿ ಎನ್ನಬೇಕಿತ್ತು. ಮಗ ಇನ್ನೂ ಬೆಂಚಿನ ತಳ ಹಿಡಿದೇ ಕೂತಿದ್ದ. ತಲೆ ಆಡಿಸಿದ.

"ಹೂಂ, ಆತಪ್ಪ" ಎಂದಳು ತಾಯಿ.

"ಮತ್ತ ಸಕ್ಕರಿ ತರ್ರೆಲಾ, ಏನ್ ನೋಡ್ಕೋಂತ ನಿಂತೀರಿ!" ಎಂದರು ಮಾವ.

ಅವ್ವ ಒಪ್ಪಿಗೆಯ ಸಕ್ಕರೆ ತಂದಳು. ಎಲ್ಲರ ಬಾಯಿಗೂ ಹಾಕಿದರು. ನನ್ನ ಬಾಯಿಗೆ ಹಾಕಿದವರು ಚಾಚಾ. ಸಕ್ಕರೆ ಕರಗುವ ತನಕ ನಾನು ಕಾದೆ, ಏನಾದರೂ ಅನ್ನಿಸೀತೆಂದು. ಸಿಹಿ ಎಂದು ತಿಳಿಯಿತು, ಅಷ್ಟೇ. ಅವರನ್ನು ಬಸ್ಸು ಹತ್ತಿಸಿ ಬಂದು ಶೆಡ್ಡಿಗೆ ಹೋಗಿ ಒಂದು ಹಲಗೆಗೆ ರಂದಾ ಹೊಡೆಯತೊಡಗಿದೆ. ತಂಗಿ ಬಂದು ನಿಲ್ಲಿಸುವ ಹೊತ್ತಿಗೆ ಅದು ಬೆಂಚಿಗಿರಲಿ, ಪೆಟ್ಟಿಗೆಯ ಮುಚ್ಚಳಕ್ಕೂ ಆಗದಷ್ಟು ತೆಳ್ಳಗಾಗಿತ್ತು.

"ಅಣ್ಣಾ, ಸಾಕು" ಎಂದಳು.

"ನಿನಗ ಒಪ್ಪಿಗಿ ಐತಿಲ್ಲ?" ಎಂದೆ. ಏಳು ಸಲದಲ್ಲಿ ನಾನು ಅವಳಿಗೆ ಇದನ್ನು ಕೇಳಿದ್ದು ಅದೇ ಮೊದಲು.

ಅವಳು ತೆಳ್ಳಗಿನ ಹಲಗೆಯನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದಳು. "ಅಂವ ತಳಾ ಮುಟ್ಟಿ ನೋಡಿದ" ಎಂದಳು. ಅದನ್ನು ಉತ್ತರವೆಂದು ತಿಳಿದುಕೊಂಡೆ.

ಮಾತುಕತೆಗೆ ಮತ್ತೊಮ್ಮೆ ಬಂದಾಗ ಏನೇನು ಕೇಳುತ್ತಾರೋ ಎಂದು ನಾನು ಇನ್ನೊಂದು ಪಟ್ಟಿ ಮಾಡಿಟ್ಟಿದ್ದೆ. ಮಾವ ಕೇಳಿದ್ದು ಒಂದೇ.

"ಬ್ಯಾರೆ ಏನೂ ಬ್ಯಾಡ್ರಿ. ಹುಡುಗಿ ಜೋಡಿ ಆ ಬೆಂಚ್ ಒಂದು ಕಳಸ್ರಿ. ನನ್ನ ಸೊಂಟಾ ಅವತ್ತ ಒಂದಿನಾ ಹಗೂರಾಗಿತ್ತು ನೋಡ್ರಿ."

ಮಾರಬೇಡ ಎಂದಿದ್ದಳಲ್ಲ ಎಂದು ತಂಗಿಯನ್ನು ನೋಡಿದೆ. "ಕೊಡು" ಎಂದಳು. ಮದುವೆಯಾಯಿತು. ಮಳೆ ಬರಲಿಲ್ಲ, ಅನ್ನ ಕಡಿಮೆ ಬೀಳಲಿಲ್ಲ, ಬೀಗರು ಮುನಿಯಲಿಲ್ಲ, ಪೆಂಡಾಲು ಬೀಳಲಿಲ್ಲ. ನಾನು ಎಲ್ಲದಕ್ಕೂ ತಯಾರಾಗಿ ನಿಂತಿದ್ದೆ, ಯಾವುದೂ ಬರಲಿಲ್ಲ. ಪಾತ್ರೆ, ಟ್ರಂಕು, ಹಾಸಿಗೆಯ ಮೇಲೆ ಬೆಂಚನ್ನು ಮಗುಚಿ ಹಾಕಿಕೊಂಡು ಟ್ರ್ಯಾಕ್ಟರು ಹೋಯಿತು. ನಾಲ್ಕು ಕಾಲು ಮೇಲೆ ಮಾಡಿಕೊಂಡು ಅದು ಓಣಿಯ ತಿರುವಿನಲ್ಲಿ ಮರೆಯಾಗುವುದನ್ನು ನೋಡಿದೆ. ಅಷ್ಟು ಚೆನ್ನಾಗಿ ಕಾಣುತ್ತಿದ್ದ ಕಾಲುಗಳನ್ನು ನೋಡಿಯೂ ನನಗೆ ಏನೂ ನೆನಪಾಗಲಿಲ್ಲ. ಅವ್ವ ಅಂದು ಅತ್ತಳು. ನಾನು ಪಡಸಾಲೆಯಲ್ಲಿ, ಬೆಂಚು ಇದ್ದ ಜಾಗದಲ್ಲಿ, ಚಪ್ಪಡಿಯ ಮೇಲೆ ಉಳಿದಿದ್ದ ಒಂದಿಷ್ಟು ಸುಣ್ಣದ ಗೆರೆಯನ್ನು ಕಾಲಿನಿಂದ ಉಜ್ಜಿದೆ.

ಆಮೇಲೆ ಕಚೇರಿ ಬೆಂಚುಗಳನ್ನು ನಾನೇ ಉಜ್ಜತೊಡಗಿದೆ. ತಳ ಉಜ್ಜುತ್ತಿರಲಿಲ್ಲ. ದಿನಗಳು ಹೋದವು ಎಂಬುದು ಕಟ್ಟಿಗೆ ಖಾಲಿಯಾದಾಗ ತಿಳಿಯುತ್ತಿತ್ತು. ಅವಳು ಸುಖವಾಗಿದ್ದಾಳೋ ಇಲ್ಲವೋ ಎಂಬುದಕ್ಕೆ ಒಂದು ಹೊಸ ಪಟ್ಟಿ ತಾನಾಗಿ ಬೆಳೆಯುತ್ತಿತ್ತು. ಮಾವನ ಪ್ರಶ್ನೆಗಳು, ಅತ್ತೆಯ ಮೌನ, ಗಿರಣಿಯ ಬೆಲ್ಟಿಗೆ ಸೆರಗು ಸಿಗುವುದು, ಕೆರೆ.

ನಾಗರ ಪಂಚಮಿಗೆ ಕರೆಯಲು ಮಾಗಡಿಗೆ ಹೋದೆ. ಮಧ್ಯಾಹ್ನ. ಗಿರಣಿಯ ಸಪ್ಪಳ ಊರ ಅಗಸಿ ಬಾಗಿಲತನಕ ಕೇಳುತ್ತಿತ್ತು. ತಂಗಿಯ ರೆಪ್ಪೆಯ ಮೇಲೆ ಹಿಟ್ಟು, ಕೈಯಲ್ಲಿ ಹಿಟ್ಟು. ಅರಗಿನ ಕಂದು ಕಾಣಲಿಲ್ಲ, ಹೋಗಿತ್ತೋ, ಮುಚ್ಚಿತ್ತೋ. ನೀರು ಕೊಟ್ಟಳು. ಬೆಂಚನ್ನು ಪಡಸಾಲೆಯಲ್ಲಿ ಹಾಕಿದ್ದರು, ಹೊಸ ಫರಸಿಯ ಸಪಾಟು ನೆಲದ ಮೇಲೆ. ಕೂತೆ.

ಕಟಕ್.

ಎದ್ದೆ. ಬಗ್ಗಿ ನೋಡಿದೆ. ನಮ್ಮ ಮನೆಯ ಕುಸಿದ ಚಪ್ಪಡಿಗೆ ಬಿಟ್ಟ ಉದ್ದನೆಯ ಕಾಲು ಇಲ್ಲಿ ಗಟ್ಟಿಯಾಗಿ ಊರಿಕೊಂಡು, ಅದರ ಪಕ್ಕದ ಕಾಲು ತೊಗರಿಬೇಳೆಯಷ್ಟು ಮೇಲೆ ನಿಂತಿತ್ತು. ಅದರ ಹತ್ತಿರ ನೆಲದಲ್ಲಿ ನಾಲ್ಕು ಮಡಿಕೆಯ ಒಂದು ಉಸುಕಿನ ಕಾಗದ ಬಿದ್ದಿತ್ತು, ನಮ್ಮ ಶೆಡ್ಡಿನದೇ, ಸವೆದದ್ದು.

"ಬಂದಾಗಿಂದ ಹಿಂಗ?" ಎಂದೆ.

"ಹೂಂ. ಮೊದಲು ಆ ಕಾಗದಾ ಇಟ್ಟಿದ್ನಿ. ಈಗ ನಾನ ತಗದೇನಿ."

"ಗರಗಸ ಐತೇನು ಇಲ್ಲೆ? ಎರಡು ನಿಮಿಷದ ಕೆಲಸ. ಆ ಒಂದು ಕಾಲು ಒಂದೀಟ..."

"ಬ್ಯಾಡ, ಇರ್ಲಿ ಬಿಡು." ಅವಳು ಗಿರಣಿಯ ಕಡೆ ಕಿವಿಗೊಟ್ಟು, ಸೆರಗಿನಿಂದ ಮುಖದ ಹಿಟ್ಟು ಒರೆಸಿಕೊಂಡಳು. "ಮಾವ ಊಟಾ ಮಾಡಿ ಅದರ ಮ್ಯಾಲ ಅಡ್ಡಾಗ್ತಾರ. ನಾ ಗಿರಣ್ಯಾಗ ಇರ್ತೀನಿ. ಗಿರಣಿ ನಿಂತಾಗ ಕಟಕ್ ಅಂತಂದ್ರ ಎದ್ರು ಅಂತ ಗೊತ್ತಾಗ್ತೈತಿ, ಚಹಾಕ್ಕ ಇಡ್ತೀನಿ. ಇಲ್ಲಂದ್ರ ಪ್ರಶ್ನಿ ಸುರು ಮಾಡ್ತಾರ."

"ಮತ್ತ ಉಳಿದದ್ದು?" ಎಂದೆ. "ಉಳಿದದ್ದೆಲ್ಲಾ?"

"ಉಳಿದದ್ದೇನು?"

ಪಟ್ಟಿ ಬಹಳ ಉದ್ದವಿತ್ತು.

"ಉಳಿದದ್ದು ಚೊಲೋ ಐತಿ" ಎಂದಳು. "ಬೆಂಚ್ ಒಂದು ಅಲಗಾಡ್ತೈತಿ ನೋಡು."